ನಮ್ಮೂರ ನೀರು, ಭಾಗ 4: ಹಲ್ಲಿನ ಕಲೆಗೆ ಬ್ರಶ್ ಏನು ಮಾಡುತ್ತೆ?

"ಹಲ್ಲು ಉಜ್ಜಲ್ವಾ?" ಅನ್ನೋ ಜೋಕ್ ಇನ್ನು ಸಾಕು ಫ್ರೆಂಡ್ಸ್.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಕಡೆ ಎಷ್ಟೋ ಜನ ಬಾಯಿ ಮುಚ್ಚಿಕೊಂಡೇ ನಗ್ತಾರೆ. ಹಲ್ಲಿನ ಮೇಲೆ ಬಿಳಿ ಮಚ್ಚೆ, ಕಂದು ಗೆರೆ. ಕಲೆಗೆ ಬೇರೆ ಕಾರಣಾನೂ ಇರಬಹುದು, ಆದ್ರೆ ನಮ್ಮ ಕಡೆ ದೊಡ್ಡ ಕಾರಣ ಬೋರ್‌ವೆಲ್ ನೀರಲ್ಲಿರೋ ಫ್ಲೋರೈಡ್. ವರ್ಷಪೂರ್ತಿ ಹರಿಯೋ ನದಿ ನಮಗಿಲ್ಲ. ಆಳಕ್ಕೆ ಕೊರೆದಷ್ಟೂ ಗ್ರಾನೈಟ್ ಬಂಡೆ, ಆ ಬಂಡೆಯಿಂದಲೇ ಫ್ಲೋರೈಡ್ ನೀರಿಗೆ ಇಳಿಯುತ್ತೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲ ಅಂದ್ರೆ 1.5 ತನಕ ಓಕೆ ಅನ್ನುತ್ತೆ ಭಾರತೀಯ ಮಾನಕ.

ಈಗ ಡೆಂಟಿಸ್ಟ್ ಹತ್ರ ಹೋದ್ರೆ ಹಲ್ಲಿನ ಬಣ್ಣದ್ದೇ ರೆಸಿನ್ ಅಂಟಿಸಿ ಕಲೆ ಮುಚ್ತಾರೆ. ಇದರ ಹಿಂದೆ ಒಂದು ಒಳ್ಳೆ ಕಥೆ ಇದೆ. ಲೋಹಕ್ಕೆ ಪೇಂಟ್ ಹಿಡಿಯಲಿ ಅಂತ ಕಾರ್ಖಾನೆಗಳಲ್ಲಿ ಮೊದಲು ಫಾಸ್ಫಾರಿಕ್ ಆಸಿಡ್ ಹಚ್ತಿದ್ರು. ಅಮೆರಿಕದ ಮೈಕಲ್ ಬ್ಯೂನೊಕೋರ್ 1955ರಲ್ಲಿ ಅದನ್ನೇ ಹಲ್ಲಿಗೆ ಹಚ್ಚಿ ನೋಡಿದ್ರು. ಎನಾಮೆಲ್ ಸಣ್ಣಗೆ ತರಿತರಿಯಾಗಿ ರೆಸಿನ್ ಗಟ್ಟಿಯಾಗಿ ಕೂತಿತು. ದವಡೆ ಹಲ್ಲಿನ ಗುಳಿ ಮುಚ್ಚಿ ಹುಳುಕು ತಡೆಯೋ ಸೀಲೆಂಟ್ ಕೂಡ ಇದೇ ದಾರೀಲಿ ಬಂತು. 1967ರಲ್ಲಿ ಕ್ಯೂಟೋ ಜೊತೆ ಸೇರಿ ಅವರೇ ಅದರ ಫಲಿತಾಂಶ ಪ್ರಕಟಿಸಿದ್ರು.

ಆದ್ರೆ ನಮ್ಮವರ ಹಲ್ಲಲ್ಲಿ ಒಂದು ತೊಡಕಿದೆ. ಫ್ಲೋರೈಡ್ ಜಾಸ್ತಿ ಕುಡಿದ ಎನಾಮೆಲ್ ಮೇಲ್ಪದರ ಆಸಿಡ್‌ಗೂ ಬೇಗ ಬಗ್ಗಲ್ಲ. ಆಸಿಡ್ ಹೆಚ್ಚು ಹೊತ್ತು ಬಿಡಬೇಕು, ಇಲ್ಲಾ ಮೇಲೆ ಸ್ವಲ್ಪ ಉಜ್ಜಿ ತೆಗೀಬೇಕು. ಅಂಟಿಸಿದ್ದೂ ವರ್ಷಗಳಾದ್ಮೇಲೆ ಬಣ್ಣ ಕೆಡುತ್ತೆ, ಚಕ್ಕೆ ಏಳುತ್ತೆ. ಬಿಕಾಂ ಭಾಷೇಲಿ ಹೇಳೋದಾದ್ರೆ ಇದು ರಿಪೇರಿ ಖರ್ಚು, ಮತ್ತೆ ಮತ್ತೆ ಬರುತ್ತೆ. ನಿಜವಾದ ಹೂಡಿಕೆ ಅಂದ್ರೆ ಒಳ್ಳೆ ನೀರು.

ಅದಕ್ಕೂ ಟೈಮ್ ಇದೆ. ಎನಾಮೆಲ್ ಒಸಡಿನೊಳಗೆ ತಯಾರಾಗೋದು ಸುಮಾರು 8 ವರ್ಷದ ತನಕ. ಕಲೆ ಬೀಳೋದೂ ಆಗಲೇ. ನಮ್ಮದು ಮುಗೀತು, ಆದ್ರೆ ಮನೇಲಿರೋ ತಮ್ಮ ತಂಗಿ, ಅಕ್ಕನ ಮಕ್ಕಳದ್ದು ಮುಗಿದಿಲ್ಲ.

ಪುಟ್ಟ ಮಕ್ಕಳಿಗೆ ಕುಡಿಯೋಕೆ, ಅಡುಗೆಗೆ ಶುದ್ಧ ನೀರಿನ ಘಟಕದ ನೀರೇ ತನ್ನಿ. ಕಾಯಿಸಿದ್ರೆ ಫ್ಲೋರೈಡ್ ಹೋಗಲ್ಲ, ನೀರು ಆವಿಯಾದಷ್ಟೂ ಉಳಿದಿದ್ದರಲ್ಲಿ ಅದರ ಪ್ರಮಾಣ ಏರುತ್ತೆ. ಘಟಕ ಕೆಟ್ಟು ನಿಂತಿದ್ರೆ ಪಂಚಾಯ್ತಿಗೆ ಅರ್ಜಿ ಕೊಡಿ, ಬೋರ್ ನೀರಿನ ಟೆಸ್ಟ್ ರಿಪೋರ್ಟನ್ನೂ ಕೇಳಿ. ಅದನ್ನ ಕೇಳೋದು ನಮ್ಮ ಹಕ್ಕು.

ನಿಮ್ಮೂರ ಘಟಕ ಓಡ್ತಿದೆಯಾ? ಊರ ಹೆಸರು ಹಾಕಿ ಕಮೆಂಟ್ ಮಾಡಿ.

#ನಮ್ಮೂರನೀರು #ಚಿಕ್ಕಬಳ್ಳಾಪುರ #ಬಾಯ್ತುಂಬಾನಗಿ