ಕಿಟಕಿ ಸರಳಲ್ಲೇ ಉಳಿದ ಮಾಸ್ಕ್

ಕಳೆದ ಡಿಸೆಂಬರಿನ ಒಂದು ಶನಿವಾರ, ಬೆಳಗಿನ ಜಾವ ಮೂರು ಗಂಟೆಗೆ ಬಜಪೆಯ ಮನೆಯಿಂದ ಹೊರಟಾಗ ನನ್ನ ಬ್ಯಾಗಿನಲ್ಲಿ ಏನೇನಿತ್ತು ಗೊತ್ತಾ? ಎರಡು ಪವರ್‌ಬ್ಯಾಂಕ್, ಮೂರು ಚಾರ್ಜರ್, ಆಕ್ಷನ್ ಕ್ಯಾಮೆರಾ, ಸನ್‌ಸ್ಕ್ರೀನ್, 'ವೀಕೆಂಡೇ, ಆದ್ರೂ ಇರ್ಲಿ' ಅಂತ ಆಫೀಸ್ ಲ್ಯಾಪ್‌ಟಾಪ್. ಮೇಲಿಂದ ಅಮ್ಮ ಕಟ್ಟಿಕೊಟ್ಟ ಒಂದು ಡಬ್ಬಿ ಬನ್ಸ್. ಹೊರಟಿದ್ದು ನೇತ್ರಾಣಿಗೆ, ಸ್ಕೂಬಾ ಡೈವಿಂಗ್ ಮಾಡೋಕೆ. ಬ್ಯಾಗಿನಲ್ಲಿ ಇಲ್ಲದಿದ್ದದ್ದು ಒಂದೇ, ನನ್ನ ಡೈವಿಂಗ್ ಮಾಸ್ಕ್.

ಹಿಂದಿನ ರಾತ್ರಿ ಅದನ್ನು ತೊಳೆದು, ಒಣಗಲಿ ಅಂತ ಬಚ್ಚಲಿನ ಕಿಟಕಿ ಸರಳಿಗೆ ನೇತುಹಾಕಿದ್ದೆ. ಅಲ್ಲೇ ಉಳೀತು. ಕಟೀಲು, ಕಿನ್ನಿಗೋಳಿ, ಮೂಲ್ಕಿ ದಾಟಿ ಹೈವೇ ಹಿಡಿದಾಗಲೂ ನೆನಪಾಗಲಿಲ್ಲ. ನೆನಪಾಗಿದ್ದು ಮುರುಡೇಶ್ವರದಿಂದ ದೋಣಿ ಹೊರಟ ಮೇಲೆ. ಹಿಂತಿರುಗಿ ನೋಡಿದ್ರೆ 123 ಅಡಿಯ ಶಿವ ಬೆರಳಿನಷ್ಟಾಗಿದ್ದ. ಚುರ್ ಅಂತು ಹೊಟ್ಟೆ.

'ಅಷ್ಟೇನಾ? ದೋಣಿಯಲ್ಲಿ ಬಾಡಿಗೆ ಮಾಸ್ಕ್ ಇರುತ್ತಲ್ಲ' ಅಂತೀರಿ. ಇತ್ತು. ಆದರೆ ನನ್ನ ಕಣ್ಣಿನ ಪವರ್ ಮೈನಸ್ 4.5. ಮಾಸ್ಕಿನ ಸಿಲಿಕೋನ್ ಅಂಚು ಮುಖಕ್ಕೆ ಪೂರ್ತಿ ಅಂಟಬೇಕು. ಒಳಗೆ ಕನ್ನಡಕ ಹಾಕಿದರೆ ಅದರ ಕಡ್ಡಿಯ ಸಂದಿನಿಂದ ನೀರು ನುಗ್ಗುತ್ತೆ. ಅದಕ್ಕೇ ಪವರ್ ಲೆನ್ಸ್ ಇರೋ ಮಾಸ್ಕ್ ಕೊಂಡಿದ್ದು. ಗೆಳೆಯನೊಬ್ಬ ಈಜೋ ಗಾಗಲ್ಸ್ ಹಾಕ್ಕೋ ಅಂದ. ಅದೂ ಆಗಲ್ಲ. ಹತ್ತು ಮೀಟರ್ ಆಳಕ್ಕೆ ಹೋದರೆ ಒತ್ತಡ ಮೇಲಿನದರ ಎರಡರಷ್ಟಾಗುತ್ತೆ. ಸ್ಕೂಬಾ ಮಾಸ್ಕ್ ಮೂಗನ್ನೂ ಮುಚ್ಚೋದ್ರಿಂದ, ಮೂಗಿನಿಂದ ಸ್ವಲ್ಪ ಗಾಳಿ ಬಿಟ್ಟು ಆ ಒತ್ತಡ ಸರಿದೂಗಿಸಬಹುದು. ಗಾಗಲ್ಸಿನಲ್ಲಿ ಆ ದಾರಿಯೇ ಇಲ್ಲ, ಅದು ಕಣ್ಣನ್ನೇ ಹೀರಿ ಹಿಡಿಯುತ್ತೆ.

ಆಗ ನನ್ನ ಇಂಜಿನಿಯರ್ ತಲೆ ಕೆಲಸ ಶುರು ಮಾಡ್ತು. ನೀರೊಳಗೆ ಬೆಳಕು ಬಾಗೋದ್ರಿಂದ ವಸ್ತುಗಳು ಕಾಲು ಭಾಗ ಹತ್ತಿರ, ಮೂರನೇ ಒಂದು ಭಾಗ ದೊಡ್ಡದಾಗಿ ಕಾಣುತ್ತವೆ. ಗಾಳಿಯ ಗೇಜನ್ನು ಕಣ್ಣಿನ ಹತ್ತಿರ ಹಿಡಿದ್ರೆ ಓದಬಹುದು. ಬಾಡಿಗೆ ಮಾಸ್ಕ್ ಹಾಕ್ಕೊಂಡು ಸುಮ್ನೆ ಇಳಿದುಬಿಟ್ರೆ ಯಾರಿಗೆ ಗೊತ್ತಾಗುತ್ತೆ? ದುಡ್ಡು ಕೊಟ್ಟಾಗಿದೆ, ರಜೆ ಮತ್ತೆ ಯಾವಾಗ ಸಿಗುತ್ತೋ. ಆಫೀಸಲ್ಲೂ ಹೀಗೇ ಅಲ್ವಾ, ಶುಕ್ರವಾರ ಸಂಜೆ ಒಂದು ಟೆಸ್ಟ್ ಫೇಲ್ ಆಗಿದ್ರೂ 'ಪರ್ವಾಗಿಲ್ಲ, ನಡೆಯುತ್ತೆ' ಅಂತ ರಿಲೀಸ್ ಮಾಡಿಬಿಡೋದು.

ದ್ವೀಪದ ಹತ್ತಿರ ಲಂಗರು ಹಾಕಿದರು. ಇಳಿಯೋ ಮುಂಚೆ ಇಬ್ಬಿಬ್ಬರು ಜೋಡಿಯಾಗಿ ಒಬ್ಬರ ಸಲಕರಣೆ ಇನ್ನೊಬ್ಬರು ಪರೀಕ್ಷಿಸೋದು ನಿಯಮ. ನನ್ನ ಜೋಡಿ ಹೊಸದಾಗಿ ಕೋರ್ಸ್ ಮುಗಿಸಿದ್ದ ಗೆಳೆಯ. ಅವನು ನನ್ನ ಜಾಕೆಟ್, ತೂಕದ ಬೆಲ್ಟ್, ಬಕಲ್ ಎಲ್ಲ ಮುಟ್ಟಿ ನೋಡಿ, ಕೊನೆಗೆ ಹಳದಿ ಬಣ್ಣದ ಎರಡನೇ ರೆಗ್ಯುಲೇಟರ್ ಹಿಡಿದು, 'ಇದು ನನಗೆ ತಾನೇ?' ಅಂತ ನಕ್ಕ.

ನಿಜ. ಆ ಹಳದಿ ರೆಗ್ಯುಲೇಟರ್ ಇರೋದು ನನಗಲ್ಲ. ಅವನ ಗಾಳಿ ಮುಗಿದರೆ ನನ್ನ ಸಿಲಿಂಡರಿನಿಂದ ಅವನು ಉಸಿರಾಡಬೇಕು. ಆದರೆ ಅದಕ್ಕೆ ಮೊದಲು ಅವನು ಕೈಸನ್ನೆ ಮಾಡಬೇಕು, ಅದು ನನಗೆ ಕಾಣಬೇಕು. ನೀರೊಳಗೆ ಹೆಬ್ಬೆರಳು ಎತ್ತಿದರೆ 'ಸೂಪರ್' ಅಂತಲ್ಲ, 'ಮೇಲೆ ಹೋಗೋಣ' ಅಂತ. ಬೆರಳನ್ನು ಉಂಗುರ ಮಾಡಿದರೆ 'ಎಲ್ಲ ಸರಿ'. ಮೂರು ಮೀಟರ್ ದೂರದಲ್ಲಿ ಇವೆರಡೂ ನನ್ನ ಬರಿಗಣ್ಣಿಗೆ ಒಂದೇ ಥರದ ಮಸುಕು. ನಾನು ಮರೆತದ್ದು ನನ್ನ ಮಾಸ್ಕ್ ಅಂದ್ಕೊಂಡಿದ್ದೆ. ಅರ್ಧ ಅವನದೂ ಆಗಿತ್ತು.

ಬಾಯಿ ಬಿಟ್ಟು ಹೇಳಿದೆ. ನಾಚಿಕೆ ಆಯ್ತು, ಸುಳ್ಳು ಯಾಕೆ. ಇನ್‌ಸ್ಟ್ರಕ್ಟರ್ ಬೈಯಲಿಲ್ಲ. ಪೆಟ್ಟಿಗೆ ಹುಡುಕಿದರು, ಪವರ್ ಮಾಸ್ಕ್ ಇರಲಿಲ್ಲ. 'ಹಾಗಾದ್ರೆ ಇವತ್ತು ಬೇಡ. ಇವನ ಜೊತೆ ನಾನು ಇಳೀತೀನಿ' ಅಂದರು, ಅಷ್ಟೇ. ಯಾರು ಬೇಕಾದರೂ, ಯಾವ ಹೊತ್ತಿಗೆ ಬೇಕಾದರೂ, ಯಾವ ಕಾರಣಕ್ಕೆ ಬೇಕಾದರೂ ಡೈವ್ ಬೇಡ ಅನ್ನಬಹುದು, ಯಾರೂ ಪ್ರಶ್ನೆ ಮಾಡಬಾರದು. ಡೈವಿಂಗಿನಲ್ಲಿ ಇದು ಮೊದಲ ಪಾಠ. ಕೋರ್ಸಿನಲ್ಲಿ ಕೇಳಿದ್ದೆ. ಅವತ್ತು ಅರ್ಥ ಆಯ್ತು.

ಎಲ್ಲರೂ ಇಳಿದ ಮೇಲೆ ಅಲ್ಲಾಡೋ ದೋಣಿಯಲ್ಲಿ ಕೂತು ಊರು ನೆನಪಾಯ್ತು. ಬಜಪೆಯಲ್ಲಿ ಬೆಳೆದವರಿಗೆ ವಿಮಾನದ ಸದ್ದು ಗಡಿಯಾರ ಇದ್ದ ಹಾಗೆ. 2010ರ ಮೇ 22ರ ಬೆಳಗ್ಗೆಯನ್ನು ನಮ್ಮಲ್ಲಿ ಯಾರೂ ಮರೆತಿಲ್ಲ. 158 ಜನ ಹೋದರು. ಸಹಪೈಲಟ್ ಮೂರು ಸಲ 'ಗೋ ಅರೌಂಡ್' ಅಂದಿದ್ದರೂ ಇಳಿಸೋ ಪ್ರಯತ್ನ ಮುಂದುವರಿಯಿತು ಅಂತ ತನಿಖಾ ವರದಿ ಹೇಳಿತು. ಗೋ ಅರೌಂಡ್ ಅಂದ್ರೆ ಸೋಲಲ್ಲ. ಮೇಲೇರಿ, ಒಂದು ಸುತ್ತು ಹಾಕಿ, ಮತ್ತೆ ಬರೋದು. ನನ್ನ ಮಾಸ್ಕಿನ ಕಥೆಯನ್ನು ಆ ದುರಂತದ ಪಕ್ಕ ಇಡೋಕೆ ಸಂಕೋಚ ಆಗುತ್ತೆ. ಆದರೆ 'ಇಷ್ಟು ದೂರ ಬಂದಾಗಿದೆ' ಅನ್ನೋ ಯೋಚನೆ ದೋಣಿಯಲ್ಲೂ ಬರುತ್ತೆ, ಕಾಕ್‌ಪಿಟ್ಟಿನಲ್ಲೂ ಬರುತ್ತೆ.

ನೀವೂ ಹೊರಟಿದ್ದರೆ ಎರಡು ಮಾತು. ಸಿಲಿಂಡರ್, ಜಾಕೆಟ್ ಎಲ್ಲ ಅಲ್ಲೇ ಸಿಗುತ್ತೆ. ನಿಮ್ಮ ದೇಹಕ್ಕೆ ಮಾತ್ರ ಹೊಂದೋ ವಸ್ತುಗಳು, ಅಂದ್ರೆ ಪವರ್ ಮಾಸ್ಕ್, ದಿನದ ಮಾತ್ರೆ, ಡೈವಿಂಗ್ ಕಾರ್ಡ್, ಇವನ್ನು ಮೊದಲು ಬ್ಯಾಗಿಗೆ ಹಾಕಿ. ಇನ್ನೊಂದು, ವಾಪಸ್ ವಿಮಾನ ಬುಕ್ ಮಾಡೋವಾಗ ಗಡಿಯಾರ ನೋಡಿ. ಒಂದು ಡೈವ್ ಆದ ಮೇಲೆ ಕನಿಷ್ಠ 12 ಗಂಟೆ, ಎರಡು ಮೂರು ಆಗಿದ್ದರೆ 18 ಗಂಟೆ ವಿಮಾನ ಹತ್ತಬಾರದು.

ಮುಕ್ಕಾಲು ಗಂಟೆ ಆದ ಮೇಲೆ ಗೆಳೆಯ ಮೇಲೆ ಬಂದ. ಆಮೆ ಕಂಡಿತಂತೆ. ಹೊಟ್ಟೆ ಉರೀತು, ಆದರೂ ಬನ್ಸ್ ಡಬ್ಬಿ ಅವನ ಮುಂದೆ ಇಟ್ಟೆ. ನಾಲ್ಕು ತಿಂದ.

ಈಗ ನಮ್ಮನೆಯಲ್ಲಿ ಮಾಸ್ಕ್ ಒಣಗೋದು ಬಚ್ಚಲಿನ ಕಿಟಕಿಯಲ್ಲಲ್ಲ. ಕಾರಿನ ಕೀ ನೇತುಹಾಕೋ ಮೊಳೆಯಲ್ಲಿ, ಕೀಯ ಮೇಲೆಯೇ.