ಬೀಗ ಅವರ ಮನೆಗೆ, ತೇವ ನಮ್ಮ ಗೋಡೆಗೆ

ಉತ್ತರ ಕರ್ನಾಟಕದ ನಮ್ಮ ಊರುಗಳಲ್ಲಿ ಎರಡು ಮಾಳಿಗೆ ಮನೆಗಳ ನಡುವೆ ಒಂದೇ ಮಣ್ಣಿನ ಗೋಡೆ ಇರುವುದು ಸಾಮಾನ್ಯ. ಪಕ್ಕದವರು ದುಡಿಯಲು ಪುಣೆಗೋ ಗೋವಾಕ್ಕೋ ಹೋದರೆ ಅವರ ಮಾಳಿಗೆಗೆ ಮಣ್ಣು ಹಾಕುವವರಿಲ್ಲ. ಮೇಲೆ ಹುಲ್ಲು ಬೆಳೆಯುತ್ತದೆ, ನೀರು ನಿಲ್ಲುತ್ತದೆ, ನಡುಗೋಡೆಗೆ ಇಳಿಯುತ್ತದೆ. ಫೋನ್ ಮಾಡಿದರೆ ‘ನಮ್ದಿನ್ನೂ ಪಾಲಾಗಿಲ್ಲರೀ’ ಎನ್ನುತ್ತಾರೆ. ಪಾಲಾಗುವ ತನಕ ಮಳೆ ಕಾಯುತ್ತದೆಯೇ?

ಅರ್ಜಿ ಕೊಟ್ಟರೆ ವೈರ ಬೆಳೆಯುತ್ತದೆ ಎಂದು ನಮ್ಮ ಜನ ಸುಮ್ಮನಿರುತ್ತಾರೆ. ಇದು ಸರಿಯಲ್ಲ. ಮೊದಲು ಅವರ ಒಪ್ಪಿಗೆಯನ್ನು ವಾಟ್ಸಾಪಿನಲ್ಲಿ ಪಡೆದು ಮಾಳಿಗೆಗೆ ತಾಡಪತ್ರಿ ಹೊದಿಸಿ. ತೇವದ ಫೋಟೊ ತೆಗೆದಿಡಿ. ಪಿಡಿಒಗೆ ಅರ್ಜಿ ಕೊಟ್ಟು ಸ್ವೀಕೃತಿ ಕೇಳಿ. ಮನೆ ಬೀಳುವಂತಿದ್ದು ಅಕ್ಕಪಕ್ಕದವರಿಗೆ ಅಪಾಯವಿದ್ದರೆ ಉಪವಿಭಾಗಾಧಿಕಾರಿಗೆ ಬರೆಯಿರಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ ಪ್ರಕಾರ ಅವರು ದುರಸ್ತಿಗೋ ತೆರವಿಗೋ ಆದೇಶಿಸಬಹುದು.

ಪಂಚಾಯಿತಿಯವರೂ ಗೋಡೆ ಬಿದ್ದ ಮೇಲೆ ಪಂಚನಾಮೆಗೆ ಬರುವ ಬದಲು ಮೇ ತಿಂಗಳಲ್ಲೇ ಬೀಗ ಹಾಕಿದ ಮನೆಗಳನ್ನು ನೋಡಿ ನೋಟಿಸು ಕಳಿಸಲಿ. ಮನೆ ಕಂದಾಯದ ಪುಸ್ತಕದಲ್ಲಿ ಮಾಲೀಕರ ಹೆಸರು ಇದ್ದೇ ಇರುತ್ತದೆ.

ಮಳೆಗೆ ಮುಂಚೆ ಕೊಟ್ಟ ಒಂದು ಅರ್ಜಿಯಿಂದ ಕೆಡುವ ಸಂಬಂಧವನ್ನು ಮಾತಾಡಿ ಸರಿಮಾಡಬಹುದು. ಗೋಡೆ ಕೆಳಗೆ ಸಿಕ್ಕ ಜೀವ ವಾಪಸ್ ಬರುವುದಿಲ್ಲ.