ಕೊಂಡ ಆಟದ ಬೀಗದ ಕೈ ಯಾರ ಬಳಿ?

ಕೋಥರೂಡದ ಹೋಟೇಲೊಂದರ ಅಟ್ಟದ ಕೋಣೆಯಲ್ಲಿ ವಾಸಿಸುವ ಕುಂದಾಪುರ ಕಡೆಯ ಮಾಣಿಯೊಬ್ಬನು ಕಳೆದ ಮಳೆಗಾಲದಲ್ಲಿ ನಮ್ಮ ಕಚೇರಿಗೆ ಬಂದು ಹೇಳಿಕೊಂಡ ಸಂಗತಿಯೇ ಈ ಲೇಖನಕ್ಕೆ ಕಾರಣವಾಗಿದೆ. ಕಂತಿನ ಮೇಲೆ ಹಳೆಯ ಲ್ಯಾಪ್‌ಟಾಪೊಂದನ್ನು ಕೊಂಡಿದ್ದ ಆ ಹುಡುಗನು ಮೂರು ತಿಂಗಳ ಭಕ್ಷೀಸು ಕೂಡಿಹಾಕಿ, ನ್ಯಾಯವಾಗಿ ಹಣ ತೆತ್ತು, ಒಂದು ಕಂಪ್ಯೂಟರ್ ಆಟವನ್ನು ಇಳಿಸಿಕೊಂಡನು. ಹದಿನೈದು ದಿನಗಳ ರಜೆಯಲ್ಲಿ ಊರಿಗೆ ಹೋದಾಗ ತಮ್ಮನಿಗೆ ತೋರಿಸಬೇಕೆಂಬ ಹಂಬಲ ಅವನದು. ಘಟ್ಟದ ಬುಡದ ಆ ಹಳ್ಳಿಯಲ್ಲಿ ಮಳೆ ಹಿಡಿಯಿತೆಂದರೆ ನೆಟ್‌ವರ್ಕ್ ಎಂಬುದು ಗುಡ್ಡದ ತಲೆಯ ಮೇಲಲ್ಲದೆ ದೊರೆಯುವಂತಿಲ್ಲ. ಆಟವನ್ನು ತೆರೆದರೆ, ಸಂಪರ್ಕವಿಲ್ಲವಾದುದರಿಂದ ನಿಮ್ಮ ಹಕ್ಕನ್ನು ಪರೀಕ್ಷಿಸಲಾಗದೆಂದು ಹೇಳಿ ಯಂತ್ರವು ಬಾಗಿಲು ಮುಚ್ಚಿತು. ನೆರೆಮನೆಯ ಕಾಲೇಜು ಹುಡುಗನಲ್ಲಿ ಅದೇ ಆಟದ ಕದ್ದ ಪ್ರತಿಯಿತ್ತು. ಅದು ಯಾವ ತಕರಾರೂ ಇಲ್ಲದೆ ನಡೆಯಿತು. "ಧಣಿಗಳೇ, ದುಡ್ಡು ಕೊಟ್ಟವನು ನಾನು, ಆಡಿದವನು ಅವನು. ಇದು ಯಾವ ನ್ಯಾಯ?" ಎಂದು ಅವನು ಕೇಳಿದಾಗ ನಮ್ಮಲ್ಲಿ ಒಡನೆ ಉತ್ತರವಿರಲಿಲ್ಲ.

ಹೋಟೇಲು ಕೆಲಸಗಾರರೂ ಗುಮಾಸ್ತರೂ ಓದುವ ಪತ್ರಿಕೆಯಲ್ಲಿ ವಿಡಿಯೋ ಗೇಮಿನ ಚರ್ಚೆ ಏತಕ್ಕೆಂದು ಹುಬ್ಬೇರಿಸುವ ಹಿರಿಯರು ಇರಬಹುದು. ರಾತ್ರಿ ಹನ್ನೊಂದಕ್ಕೆ ಕೆಲಸ ಮುಗಿಸಿ, ಆರು ಮಂದಿ ಮಲಗುವ ಕೋಣೆಯಲ್ಲಿ ಅರ್ಧ ಗಂಟೆ ಮನಸ್ಸನ್ನು ಹಗುರ ಮಾಡಿಕೊಳ್ಳುವ ಹುಡುಗನಿಗೆ ನಮ್ಮ ಕಾಲದ ಬಯಲಾಟವೂ ಇಲ್ಲ, ಭಜನೆಯೂ ಇಲ್ಲ. ಅವನು ತನ್ನ ಬೆವರಿನ ಹಣದಿಂದ ಏನನ್ನು ಕೊಂಡರೂ ಅದು ಅವನದಾಗಬೇಕೆಂಬುದಷ್ಟೇ ನಮ್ಮ ವಾದ.

ಪ್ರತಿ ಮಾಡದಂತೆ ಆಟಕ್ಕೆ ಬೀಗ ಹಾಕುವ ಪದ್ಧತಿ ಹೊಸತಲ್ಲ. 1989ರಲ್ಲಿ ಹೊರಬಂದ 'ಪ್ರಿನ್ಸ್ ಆಫ್ ಪರ್ಶಿಯಾ' ಎಂಬ ಆಟವನ್ನು ನಮ್ಮ ವಯಸ್ಸಿನ ಗುಮಾಸ್ತರಲ್ಲಿ ಅರಿಯದವರು ವಿರಳ. ಸಾಹೇಬರು ಊಟಕ್ಕೆ ಎದ್ದೊಡನೆ ಕಚೇರಿಯ ಕಂಪ್ಯೂಟರಿನಲ್ಲಿ ರಾಜಕುಮಾರನು ಜಿಗಿಯಲಾರಂಭಿಸುತ್ತಿದ್ದನು. ಅದರ ಮೊದಲ ಅಂಕ ಮುಗಿದ ಮೇಲೆ ಅಕ್ಷರಗಳಿಂದ ಗುರುತಿಸಿದ ಮದ್ದಿನ ಸೀಸೆಗಳ ಕೋಣೆಯೊಂದು ಬರುತ್ತಿತ್ತು. ಆಟದೊಡನೆ ಕೊಟ್ಟ ಕೈಪುಸ್ತಕದ ಇಂಥ ಪುಟದ, ಇಂಥ ಸಾಲಿನ, ಇಂಥ ಪದದ ಮೊದಲಕ್ಷರ ಯಾವುದೋ ಆ ಸೀಸೆಯನ್ನೇ ಕುಡಿಯಬೇಕು, ತಪ್ಪಿದರೆ ಮರಣ. ನಮ್ಮ ದೇಶದಲ್ಲಿ ಓಡಾಡುತ್ತಿದ್ದ ಪ್ರತಿಗಳ ಜೊತೆಗೆ ಕೈಪುಸ್ತಕವೆಲ್ಲಿಂದ ಬರಬೇಕು? ಅದಿರಲಿ. ಅಂದಿನ ಬೀಗದಲ್ಲಿ ಒಂದು ಮರ್ಯಾದೆಯಿತ್ತು: ಬೀಗದ ಕೈ ಕೊಂಡವನ ಕೈಯಲ್ಲಿಯೇ ಇತ್ತು. ಪುಸ್ತಕವನ್ನು ಕಾಪಾಡಿಕೊಂಡವನು ಮೂವತ್ತು ವರ್ಷಗಳ ಬಳಿಕವೂ ಯಾರ ಅಪ್ಪಣೆಯಿಲ್ಲದೆ ಆಡಬಲ್ಲನು.

ಇಂದು ಡಿ.ಆರ್.ಎಂ. ಎಂದು ಕರೆಯುವ ಬೀಗದ ಸ್ವಭಾವವೇ ಬೇರೆ. ಅನೇಕ ಆಟಗಳಲ್ಲಿ ಅದರ ಕೈ ಮಾರಿದವನ ಮನೆಯಲ್ಲಿಯೇ, ಸಾವಿರಾರು ಮೈಲಿ ದೂರದ ಸರ್ವರ್ ಎಂಬ ಯಂತ್ರದಲ್ಲಿ ಉಳಿಯುತ್ತದೆ. ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿಯು 2008ರಲ್ಲಿ 'ಸ್ಪೋರ್' ಎಂಬ ಆಟವನ್ನು ಹೊರತಂದಾಗ, ಕೊಂಡವನು ಮೂರು ಕಂಪ್ಯೂಟರುಗಳಿಗಿಂತ ಹೆಚ್ಚಿನದರಲ್ಲಿ ಅದನ್ನು ಸ್ಥಾಪಿಸಿಕೊಳ್ಳಲಾಗದೆಂದು ಕಟ್ಟು ಮಾಡಿತ್ತು. ಜನರು ಕೆರಳಿದ ಬಳಿಕ ಮೂರು ಐದಾಯಿತು. ಫಲವೇನು? ಆ ವರ್ಷ ಅತಿ ಹೆಚ್ಚು ಕದ್ದಿಳಿಸಿದ ಆಟವೆಂಬ ಖ್ಯಾತಿ ಅದಕ್ಕೇ ದೊರೆಯಿತು. ಫ್ರಾನ್ಸಿನ ಯೂಬಿಸಾಫ್ಟ್ ಕಂಪನಿಯು 2010ರಲ್ಲಿ ಇನ್ನೂ ಮುಂದೆ ಹೋಗಿ, ಒಬ್ಬನೇ ಕುಳಿತು ಆಡುವ ಆಟಕ್ಕೂ ಸಂಪರ್ಕವು ಸದಾ ಇರಲೇಬೇಕೆಂದು ವಿಧಿಸಿತು. ಅದೇ ಮಾರ್ಚ್ ತಿಂಗಳಲ್ಲಿ ಯಾರೋ ದುಷ್ಟರು ಅದರ ಸರ್ವರುಗಳ ಮೇಲೆ ದಾಳಿ ಮಾಡಲಾಗಿ, ಹಣ ಕೊಟ್ಟವರು ತಮ್ಮ ಮನೆಯಲ್ಲಿಯೇ ಹೊರಗಿನವರಾದರು.

ಅದೇ ಕಂಪನಿಯು 2014ರಲ್ಲಿ ಮಾರಿದ 'ದಿ ಕ್ರೂ' ಎಂಬ ಕಾರಿನ ಆಟದ ಗತಿ ಇನ್ನೂ ಕೆಟ್ಟುದು. 2024ರ ಮಾರ್ಚ್ 31ರಂದು ಸರ್ವರುಗಳನ್ನು ಮುಚ್ಚಿದೊಡನೆ ಆಟವೇ ಸತ್ತಿತು. ಒಬ್ಬನೇ ಆಡುತ್ತೇನೆಂದರೂ ಸಾಧ್ಯವಿಲ್ಲ. ಡಿಸ್ಕನ್ನು ಕೈಯಲ್ಲಿ ಹಿಡಿದವನಿಗೂ ಉಪಯೋಗವಿಲ್ಲ. ಇದರಿಂದ ಹುಟ್ಟಿದ 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಚಳವಳಿಯ ಬೆನ್ನಿಗೆ ಯುರೋಪಿನಲ್ಲಿ ಸಲ್ಲಿಸಲೆಂದು ತೆಗೆದ ಮನವಿಯ ಸಹಿಗಳು 2025ರ ಜುಲೈಯಲ್ಲಿ ಹತ್ತು ಲಕ್ಷವನ್ನು ದಾಟಿದವು.

ನಾವು ಗಲ್ಲೆಯ ಮೇಲೆ ಕುಳಿತಿದ್ದ ಕಾಲದ ಮಾತೊಂದನ್ನು ಇಲ್ಲಿ ಹೇಳಬೇಕು. ಸ್ಟೀಲಿನ ಲೋಟಗಳು ತಿಂಗಳಿಗೆ ಡಜನ್ನಿನ ಲೆಕ್ಕದಲ್ಲಿ ಕಾಣೆಯಾಗತೊಡಗಿದಾಗ, ನೀರಿನ ಡ್ರಮ್ಮಿನ ಬಳಿಯ ಲೋಟಕ್ಕೆ ಸರಪಳಿ ಹಾಕಿಸಿದೆವು. ಸರಪಳಿಯ ಲೋಟ ಉಳಿಯಿತು. ಮೇಜಿನ ಮೇಲಿನವು ಮೊದಲಿನಂತೆಯೇ ಹೋಗುತ್ತಿದ್ದವು. ಆದರೆ ಹತ್ತು ವರ್ಷಗಳಿಂದ ದಿನಾಲು ಬರುತ್ತಿದ್ದ ವೃದ್ಧ ಗಿರಾಕಿಯೊಬ್ಬರು ಆ ಸರಪಳಿಯನ್ನು ನೋಡಿ, ಲೋಟವನ್ನು ಮುಟ್ಟದೆ, ಬೊಗಸೆಯಲ್ಲಿ ನೀರು ಕುಡಿದು ಹೊರಟುಹೋದರು. ಮರುದಿನವೇ ನಾವು ಅದನ್ನು ಕಿತ್ತುಹಾಕಿಸಿದೆವು. ಲೋಟದ ನಷ್ಟವನ್ನು ಇಂದಿಗೂ ಅಡಿಗೆಯ ಖರ್ಚಿನಲ್ಲಿಯೇ ಬರೆದಿದ್ದೇವೆ.

ಹೀಗೆಂದು ಆಟ ಮಾಡುವವರ ಕಷ್ಟವನ್ನು ನಾವು ಅಲ್ಲಗಳೆಯುವವರಲ್ಲ. ಬಿಡುಗಡೆಯ ಮೊದಲ ಕೆಲವು ವಾರಗಳ ಮಾರಾಟವು ಅವರಿಗೆ ನಮ್ಮ ಮಧ್ಯಾಹ್ನದ ಊಟದ ಹೊತ್ತಿನಂತೆ. ಅದು ತಪ್ಪಿದರೆ ದಿನವೇ ತಪ್ಪಿತು. ಅಷ್ಟು ಕಾಲಕ್ಕಾಗಿ 'ಡೆನೂವೊ' ಎಂಬಂಥ ಬೀಗವನ್ನು ಹಣ ಕೊಟ್ಟು ಹಾಕಿಸಿ, ಕೆಲಕಾಲದ ನಂತರ ತಾವೇ ತೆಗೆದುಹಾಕುವ ಪ್ರಕಾಶಕರುಂಟು. ಅದನ್ನು ನಾವು ಕ್ಷಮಿಸಬಲ್ಲೆವು. ನಮ್ಮ ಪುಣೆಯದೇ ಆದ ನಾಡಿಂಗ್ ಹೆಡ್ಸ್ ಗೇಮ್ಸ್ ಎಂಬ ಚಿಕ್ಕ ಸಂಸ್ಥೆಯ ಉದಾಹರಣೆಯನ್ನು ನೋಡಿರಿ. 'ರಾಜಿ' ಎಂಬ ಆಟಕ್ಕಾಗಿ ಸಾರ್ವಜನಿಕರಿಂದ ಹಣ ಕೂಡಿಸುವ ಅವರ ಪ್ರಯತ್ನವು 2017ರಲ್ಲಿ ಕೈಗೂಡಲಿಲ್ಲ. ಸಂಸ್ಥಾಪಕರಲ್ಲಿ ಒಬ್ಬರಾದ ಶ್ರುತಿ ಘೋಷ್ ಅವರು ಸ್ವಂತ ಫ್ಲ್ಯಾಟನ್ನು ಮಾರಿ ಕೆಲಸವನ್ನು ಮುಂದುವರಿಸಿದರು. ತಮ್ಮನನ್ನು ಅಸುರನಿಂದ ಬಿಡಿಸಿಕೊಳ್ಳಹೊರಟ ಹುಡುಗಿಯ ಆ ಆಟವು 2020ರಲ್ಲಿ ಹೊರಬಂದು, ಅದೇ ವರ್ಷದ 'ಗೇಮ್ ಅವಾರ್ಡ್ಸ್' ಸ್ಪರ್ಧೆಯಲ್ಲಿ ಹೊಸಬರ ವಿಭಾಗಕ್ಕೆ ನಾಮಕರಣಗೊಂಡಿತು. ಮನೆ ಮಾರಿ ಮಾಡಿದ ಆಟವನ್ನು ಕದ್ದು ಆಡುವುದು, ಉಂಡ ಮನೆಯ ಜಂತಿ ಎಣಿಸುವುದಕ್ಕಿಂತ ಹೀನವಾದುದು. ಗಮನಿಸಬೇಕಾದುದೇನೆಂದರೆ, ಇಷ್ಟು ಕಳೆದುಕೊಳ್ಳುವ ಭಯವಿದ್ದ ಅವರೇ ತಮ್ಮ ಆಟವನ್ನು ಬೀಗವಿಲ್ಲದೆ ಮಾರುವ 'ಗಾಗ್' ಎಂಬ ಅಂಗಡಿಯಲ್ಲಿಯೂ ಇರಿಸಿದರು.

ಈ ಅಂಗಡಿಯ ಪೂರ್ವೋತ್ತರವು ವ್ಯಾಪಾರಸ್ಥರೆಲ್ಲ ಕೇಳತಕ್ಕುದು. ಪೋಲೆಂಡಿನ ವಾರ್ಸಾ ನಗರದ ಸಂತೆಯಲ್ಲಿ ಆಟಗಳ ಸಿ.ಡಿ. ಮಾರುತ್ತಿದ್ದ ಇಬ್ಬರು ಗೆಳೆಯರು 1994ರಲ್ಲಿ ಸಿ.ಡಿ. ಪ್ರಾಜೆಕ್ಟ್ ಎಂಬ ಸಂಸ್ಥೆಯನ್ನು ಕಟ್ಟಿದರು. ಕಳ್ಳಪ್ರತಿಗಳೇ ತುಂಬಿದ್ದ ಪೇಟೆಯದು. ಅವರು ಬೀಗವನ್ನು ಬಿಗಿ ಮಾಡುವ ಬದಲು ಎಲೆಯ ಮೇಲೆ ಬಡಿಸುವುದನ್ನು ಹೆಚ್ಚಿಸಿದರು: 1999ರಲ್ಲಿ 'ಬಾಲ್ಡರ್ಸ್ ಗೇಟ್' ಎಂಬ ಆಟವನ್ನು ಪೋಲಿಷ್ ಭಾಷೆಗೆ ತಂದು, ನಕಾಶೆ, ನಿಯಮಗಳ ಪುಸ್ತಕ, ಸಂಗೀತದ ಸಿ.ಡಿ. ಎಲ್ಲವನ್ನೂ ಪೆಟ್ಟಿಗೆಯಲ್ಲಿಟ್ಟು ಕೊಟ್ಟರು. ಕಳ್ಳನು ಕೊಡಲಾರದುದನ್ನು ಕೊಡುವುದೇ ಅವರ ಉಪಾಯ. 2008ರಲ್ಲಿ ಅವರೇ ತೆರೆದ ಅಂಗಡಿ ಗಾಗ್. ಅವರ ಸ್ವಂತ ಆಟವಾದ 'ವಿಚರ್ 3' 2015ರ ಮೇ ತಿಂಗಳಲ್ಲಿ, ಮೊದಲ ದಿನದಿಂದಲೇ, ಅಲ್ಲಿ ಬೀಗವಿಲ್ಲದೆ ದೊರೆಯಿತು. ಯಾರು ಬೇಕಾದರೂ ಸುಲಭವಾಗಿ ಕದಿಯಬಹುದಾಗಿದ್ದ ಆ ಆಟವು 2023ರ ಹೊತ್ತಿಗೆ ಎಲ್ಲ ಬಗೆಯ ಯಂತ್ರಗಳಲ್ಲಿಯೂ ಸೇರಿ ಐದು ಕೋಟಿ ಪ್ರತಿಗಳಿಗಿಂತ ಹೆಚ್ಚು ಮಾರಾಟವಾಯಿತು.

ಬೀಗವಿಲ್ಲವೆಂದರೆ ಒಡೆಯನಿಲ್ಲವೆಂದಲ್ಲ. ಕೋಣೆಯ ಆರು ಮಂದಿಯಲ್ಲಿ ಒಬ್ಬನು ಕೊಂಡು ಐವರಿಗೆ ಹಂಚಿದರೆ ಅದು ಕಳವೇ. ಈ ಮಾತನ್ನು ಹೇಳಲು ನಮಗೆ ಅಧಿಕಾರವೆಷ್ಟೆಂಬುದನ್ನು ಬಲ್ಲೆವು: ಎಸ್.ಎಸ್.ಎಲ್.ಸಿ. ಮುಗಿಸಿ ಈ ಊರಿಗೆ ಬಂದ ಹೊಸದರಲ್ಲಿ ಕಾಲುದಾರಿಯ ಮೇಲಿನ ಕಳ್ಳ ಸಿ.ಡಿ.ಗಳನ್ನು ನಾವೂ ಕೊಂಡವರೇ. ಅಂದು ನಿಜವಾದ ಪ್ರತಿಯ ಬೆಲೆ ನಮ್ಮ ತಿಂಗಳ ಸಂಬಳವನ್ನು ಮೀರುತ್ತಿತ್ತು. ಇಂದು ಹಬ್ಬದ ರಿಯಾಯಿತಿಯಲ್ಲಿ ಹಳೆಯ ಆಟವೊಂದು ಎರಡು ಊಟದ ಬೆಲೆಗೆ ಸಿಗುವಾಗ ಆ ನೆಪ ಉಳಿದಿಲ್ಲ.

ನಮ್ಮ ಕಾಯಿದೆಯಾದರೂ ಏನು ಹೇಳುತ್ತದೆ? ಕಂಪ್ಯೂಟರ್ ಪ್ರೋಗ್ರಾಮಿನ ಪ್ರತಿಯನ್ನು ನ್ಯಾಯವಾಗಿ ಹೊಂದಿದವನು, ಅದು ಹಾಳಾದರೆ ಇರಲೆಂದು ಇನ್ನೊಂದು ಪ್ರತಿಯನ್ನು ಮಾಡಿಟ್ಟುಕೊಳ್ಳಬಹುದೆಂದು ಕೃತಿಸ್ವಾಮ್ಯ ಕಾಯಿದೆಯ 52ನೆಯ ಕಲಮು ಅನುಮತಿಸುತ್ತದೆ. 2012ರ ತಿದ್ದುಪಡಿಯಿಂದ ಸೇರಿದ 65-ಎ ಕಲಮಿನಂತೆ, ಕೃತಿಸ್ವಾಮ್ಯವನ್ನು ಭಂಗಿಸುವ ಉದ್ದೇಶದಿಂದ ಬೀಗ ಮುರಿದವನಿಗೆ ಎರಡು ವರ್ಷಗಳವರೆಗಿನ ಸೆರೆಯೂ ದಂಡವೂ ಉಂಟು. ಉದ್ದೇಶವನ್ನು ನೋಡಬೇಕೆಂದು ಹೇಳಿದುದು ಸ್ತುತ್ಯ. ಆದರೆ ಹಕ್ಕು ಕಾಗದದ ಮೇಲಿದ್ದು, ಬೀಗವು ಯಂತ್ರದೊಳಗಿದ್ದರೆ ಬಡ ಗುಮಾಸ್ತನು ಆ ಹಕ್ಕನ್ನು ಎಲ್ಲಿ ಚಲಾಯಿಸಬೇಕು?

ಅಮೇರಿಕದ ಕ್ಯಾಲಿಫೋರ್ನಿಯ ಸಂಸ್ಥಾನವು 2025ರ ಜನವರಿ 1ರಿಂದ ಒಂದು ಕಾನೂನನ್ನು ಜಾರಿಗೆ ತಂದಿದೆ. ಮುಂದೆಂದಾದರೂ ಹಿಂತೆಗೆದುಕೊಳ್ಳಬಹುದಾದ ಪರವಾನಗಿಯನ್ನಷ್ಟೇ ಕೊಡುವ ಅಂಗಡಿಯು, ಅದನ್ನು ಸ್ಪಷ್ಟವಾಗಿ ತಿಳಿಸದೆ 'ಖರೀದಿ' ಎಂಬ ಪದವನ್ನು ಬಳಸುವಂತಿಲ್ಲ. ಶಾಶ್ವತವಾಗಿ ಇಳಿಸಿಟ್ಟುಕೊಳ್ಳಬಹುದಾದ ಸರಕಿಗೆ ಈ ಕಟ್ಟಳೆ ಅನ್ವಯಿಸದು. ನಮ್ಮ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಆನ್‌ಲೈನ್ ಅಂಗಡಿಗಳ ಮೋಸದ ತಂತ್ರಗಳ ವಿರುದ್ಧ 2023ರಲ್ಲಿ ಮಾರ್ಗಸೂಚಿಗಳನ್ನು ಹೊರಡಿಸಿದೆ. ಅದೇ ಪ್ರಾಧಿಕಾರವು ಬಾಡಿಗೆಯನ್ನು ಬಾಡಿಗೆಯೆಂದೇ ಕರೆಯಬೇಕೆಂದು ಒಂದು ವಾಕ್ಯವನ್ನು ಸೇರಿಸಿದರೆ ಸರಕಾರಕ್ಕೆ ಬಿಡಿಗಾಸಿನ ಖರ್ಚಿಲ್ಲ. ಕೋಣೆ ಬಾಡಿಗೆಗಿದೆಯೋ ಮಾರಾಟಕ್ಕಿದೆಯೋ ಎಂಬುದನ್ನು ಮುಚ್ಚಿಟ್ಟು ಹಣ ಪಡೆಯುವ ಮನೆಮಾಲಿಕನನ್ನು ಕೋಥರೂಡದಲ್ಲಿ ಯಾರೂ ಬಿಡಲಾರರು.

ಆ ಮಾಣಿಯ ಪ್ರಶ್ನೆಗೆ ನಮಗೆ ತೋಚಿದ ಉತ್ತರವನ್ನು ಕೊಟ್ಟೆವು: ಕದಿಯಬೇಡ, ಬೀಗವಿಲ್ಲದುದನ್ನು ಹುಡುಕಿ ಕೊಳ್ಳು. 'ರಾಜಿ'ಯನ್ನು ತಾಳುವ ಶಕ್ತಿ ಅವನ ಹಳೆಯ ಲ್ಯಾಪ್‌ಟಾಪಿಗೆ ಇರಲಿಲ್ಲ. 2003ರ 'ಪ್ರಿನ್ಸ್ ಆಫ್ ಪರ್ಶಿಯಾ: ದಿ ಸ್ಯಾಂಡ್ಸ್ ಆಫ್ ಟೈಮ್' ಆಟವನ್ನು ಆರಿಸಿಕೊಂಡನು. ಅದು ಯೂಬಿಸಾಫ್ಟಿನದೇ, ಗಾಗ್ ಅಂಗಡಿಯಲ್ಲಿ ಆ ಕಂಪನಿಯೂ ಬೀಗವಿಲ್ಲದೆ ಮಾರುತ್ತದೆ! ಹೋಟೇಲಿನ ವೈಫೈಯಲ್ಲಿ ಒಮ್ಮೆ ಇಳಿಸಿಕೊಂಡು, ಪೆನ್‌ಡ್ರೈವಿನಲ್ಲಿ ಇನ್ನೊಂದು ಪ್ರತಿಯನ್ನು ಇಟ್ಟುಕೊಂಡಿದ್ದಾನೆ. ದೀಪಾವಳಿಗೆ ರಜೆ ಮಂಜೂರಾಗಿದೆ. ತಮ್ಮನನ್ನು ಕರೆದುಕೊಂಡು ಗುಡ್ಡ ಹತ್ತುವ ಕೆಲಸ ಈ ಸಲ ಇಲ್ಲವೆಂದು ನಿನ್ನೆ ಬಂದು ಹೇಳಿಹೋದನು.